ಒಳ್ಳೆಯ ಕೈಯನ್ನು ಕಟ್ಟಿಹಾಕಿ!

ಮೈಸೂರಿನ ಅಕ್ಕನ ಮನೆಗೆ ಹೋದವನು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲೇ ರೇಗಿಬಿಟ್ಟೆ. ನಡುಮನೆಯಲ್ಲಿ ಚಾಪೆ ಹಾಸಿ ಅಕ್ಕನ ಮೊಮ್ಮಗಳು ಪುಟ್ಟಿಯನ್ನು ಕೂರಿಸಿದ್ದರು. ನಾಲ್ಕು ವರ್ಷದ ಮಗು. ಹುಟ್ಟಿದಾಗಿನಿಂದ ಅವಳ ಬಲಗೈ ಸರಿಯಿಲ್ಲ. ಮೊಣಕೈ ಮಡಚಿರುತ್ತದೆ, ಮಣಿಕಟ್ಟು ಒಳಕ್ಕೆ ಬಾಗಿರುತ್ತದೆ, ಹೆಬ್ಬೆರಳು ಮುಷ್ಟಿಯೊಳಗೆ ಅವಿತುಕೊಂಡಿರುತ್ತದೆ. ಏನಿದ್ದರೂ ಎಡಗೈಯಲ್ಲೇ ಅವಳ ಕಾರುಬಾರು. ಅಂಥ ಮಗುವಿನ ಎಡಗೈಯನ್ನು, ಇರುವ ಒಂದೇ ಒಂದು ಒಳ್ಳೆಯ ಕೈಯನ್ನು, ಹಳೇ ಟವೆಲಿನಲ್ಲಿ ಹೊಲಿದ ಚೀಲದೊಳಗೆ ತೂರಿಸಿ ಪಟ್ಟಿ ಬಿಗಿದಿದ್ದರು! ಚೀಲದ ಮೇಲೆ ಎರಡು ಗುಂಡಿ ಹೊಲಿದು ಬೆಕ್ಕಿನ ಕಣ್ಣು ಮಾಡಿದ್ದರು ಅನ್ನುವುದೇ ಸಮಾಧಾನ. ಎದುರಿಗೆ ಒಂದು ಬೋಗುಣಿ ಮಂಡಕ್ಕಿ.

‘ಏನಕ್ಕಾ ಇದು, ಇರೋ ಒಂದು ಕೈಯನ್ನೂ ಕಟ್ಟಿ ಕೂರಿಸಿದ್ದೀರಲ್ಲ! ಮಗು ಏನು ತಪ್ಪು ಮಾಡ್ತು?’

‘ಥೆರಪಿ ಮೇಡಂ ಹೇಳಿದ್ದಾರೆ ಕಣೋ. ಬಾಯಿ ಮುಚ್ಕೊಂಡು ಕೂತು ನೋಡು’ ಎಂದಳು ಅಕ್ಕ.

ಕೂತೆ. ನೋಡಿದೆ. ಪುಟ್ಟಿ ಮೊದಲು ಬೆಕ್ಕಿನ ಚೀಲವನ್ನೇ ಬೋಗುಣಿಗೆ ಹಾಕಿದಳು, ಏನೂ ಸಿಗಲಿಲ್ಲ. ಬಗ್ಗಿ ಬಾಯಿಂದಲೇ ತಿನ್ನಲು ಹೋದಳು, ಅವಳಮ್ಮ ನಗುತ್ತ ಬೋಗುಣಿಯನ್ನು ಹಿಂದಕ್ಕೆಳೆದಳು. ಆಮೇಲೆ ಒಂದು ದೊಡ್ಡ ಉಸಿರು. ಭುಜ ಮೇಲೆದ್ದಿತು. ಮಡಚಿಕೊಂಡೇ ಇದ್ದ ಬಲಗೈ, ಮರದ ಮೇಲಿನ ಗೋಸುಂಬೆಯ ಹಾಗೆ ತಡೆದು ತಡೆದು, ಮುಂದೆ ಬಂತು. ಬೋಗುಣಿಯ ಅಂಚಿಗೆ ಬಡಿಯಿತು. ನಿಂತಿತು. ನಾನೂ ಉಸಿರು ಹಿಡಿದೆ. ತೋರುಬೆರಳು ಒಂದೇ ಒಂದು, ಸಿಪ್ಪೆಯೊಳಗಿನ ಕಾಳಿನ ಹಾಗೆ, ಮುಷ್ಟಿಯಿಂದ ಆಚೆಗೆ ಬಂತು. ಅದರ ಹಿಂದೆಯೇ ಹೆಬ್ಬೆರಳು! ಎರಡೂ ಸೇರಿ ಒಂದು ಮಂಡಕ್ಕಿಯನ್ನು ಹಿಡಿದವು. ಬಾಯಿಗೆ ಬರುವಷ್ಟರಲ್ಲಿ ಕಾಳು ಲಂಗದ ಮೇಲೆ ಬಿತ್ತು, ಅದು ಬೇರೆ ಮಾತು. ಹಿಡಿದಳಲ್ಲ! ನಾಲ್ಕು ವರ್ಷದಲ್ಲಿ ಆ ಎರಡು ಬೆರಳುಗಳ ತುದಿ ಒಂದನ್ನೊಂದು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಲ್ಲದ ಕೈ ಎಲ್ಲಿಂದ ಬಂತು? ನಾಲ್ಕು ವರ್ಷ ಎಲ್ಲಿ ಅಡಗಿತ್ತು? ಒಳ್ಳೆಯ ಕೈಯನ್ನು ಕಟ್ಟಿದರೆ ಕೆಟ್ಟ ಕೈ ಎದ್ದು ಬರುತ್ತದೆ ಎಂಬ ಈ ತಲೆಕೆಳಗಿನ ಉಪಾಯ ಮೊದಲು ಹೊಳೆದದ್ದು ಯಾವ ತಲೆಗೆ? ಹುಡುಕುತ್ತ ಹೋದೆ. ಹೋದಷ್ಟೂ ದಾರಿ ಉದ್ದವಾಯಿತು. ಅದು ನನ್ನನ್ನು ಕೋತಿಗಳ ಹತ್ತಿರ, ಕೋರ್ಟಿನ ಕಟಕಟೆಗೆ, ಬೆಕ್ಕಿನ ಮರಿಗಳ ಹತ್ತಿರ, ಕೊನೆಗೆ ಲಂಡನ್ನಿನ ಜಾದೂಗಾರರ ಬಳಿಗೆ ಕರೆದೊಯ್ದಿತು!

ಮೊದಲು ಪುಟ್ಟಿಯ ಕಾಯಿಲೆಯ ಹೆಸರು ಹೇಳಿಬಿಡುತ್ತೇನೆ. ಸೆರೆಬ್ರಲ್ ಪಾಲ್ಸಿ, ಡಾಕ್ಟರುಗಳ ಬಾಯಲ್ಲಿ ಬರೀ ‘ಸಿ.ಪಿ.’ ಕನ್ನಡದಲ್ಲಿ ಮಿದುಳಿನ ಪಾರ್ಶ್ವವಾಯು ಎನ್ನುತ್ತಾರೆ. ಕಾಯಿಲೆ ಅನ್ನುವುದೂ ತಪ್ಪೇ. ಬೆಳೆಯುತ್ತಿರುವ ಮಿದುಳಿಗೆ ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲಕ್ಕೋ ಆದ ಪೆಟ್ಟು ಅದು. ಪೆಟ್ಟು ಒಮ್ಮೆ ಆಗಿ ನಿಲ್ಲುತ್ತದೆ, ಬೆಳೆಯುವುದಿಲ್ಲ. ಕೆಲವು ಮಕ್ಕಳಿಗೆ ಕೈಕಾಲು ನಾಲ್ಕೂ ಬಿಗಿಯುತ್ತವೆ, ಕೆಲವರಿಗೆ ಕಾಲು ಮಾತ್ರ, ಪುಟ್ಟಿಯಂಥವರಿಗೆ ಮೈಯ ಒಂದು ಪಕ್ಕ ಮಾತ್ರ. ಅವಳ ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಎಡಭಾಗದಲ್ಲಿ ಹುಣಸೆಬೀಜದಷ್ಟು ಕಪ್ಪು ಗುರುತಿದೆ. ಬಸಿರಲ್ಲೋ ಹೆರಿಗೆಯ ಆಸುಪಾಸಿನಲ್ಲೋ ಅಲ್ಲಿಗೆ ರಕ್ತ ಹೋಗುವುದು ತಪ್ಪಿದೆ. ಅಂದರೆ ಮುದುಕರಿಗೆ ಹೊಡೆಯುತ್ತದಲ್ಲ, ಅದೇ ಲಕ್ವ! ಹಾಲುಗೂಸಿಗೂ ಲಕ್ವ ಹೊಡೆಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಏಳು ತಿಂಗಳಿಗೆ ಗಿಲಕಿಯನ್ನೂ ಚಮಚವನ್ನೂ ಎಡಗೈಯಲ್ಲೇ ಕಸಿದುಕೊಳ್ಳುತ್ತಿದ್ದಾಗ ‘ಮುತ್ತಜ್ಜನ ಹಾಗೆ ಎಡಚಿ ಆಗ್ತಾಳೆ’ ಎಂದು ನಕ್ಕೆವು. ಆ ನಗುವನ್ನು ನೆನೆದರೆ ಈಗ ಹೊಟ್ಟೆಯಲ್ಲಿ ಸಂಕಟ. ವರ್ಷ ತುಂಬುವ ಮೊದಲು ಯಾವ ಮಗುವೂ ಎಡಚ ಅಲ್ಲ, ಬಲಚನೂ ಅಲ್ಲ. ಎರಡೂ ಕೈ ಸಮಸಮ ಬಾಚಬೇಕು. ಅಷ್ಟು ಬೇಗ ಒಂದೇ ಕೈಗೆ ಒಲಿಯಿತು ಎಂದರೆ ಇನ್ನೊಂದು ಕೈಯ ಕಡೆ ನೋಡಬೇಕು. ಅದು ತಿಳಿದವರಿಗೆ ತಿಳಿದ ಎಚ್ಚರಿಕೆಯ ಗಂಟೆ. ನಾವು ತೋರಿಸಿದ ಮೊದಲ ಡಾಕ್ಟರು ‘ಬೆಳೀತಾ ಬೆಳೀತಾ ಸರಿಹೋಗುತ್ತೆ’ ಎಂದು ಕಳಿಸಿದರು. ಹೋಗಲಿ ಬಿಡಿ.

ಈ ಸ್ಥಿತಿಯನ್ನು ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ 1861ರಲ್ಲೇ ಸಭೆಯೊಂದರ ಮುಂದೆ ವಿವರಿಸಿದ್ದ, ಕಷ್ಟದ ಹೆರಿಗೆಯೇ ಕಾರಣ ಅಂದಿದ್ದ. 1897ರಲ್ಲಿ ಇನ್ನೊಬ್ಬ ನರವೈದ್ಯ ದಪ್ಪನೆಯ ಪುಸ್ತಕ ಬರೆದು, ಅಲ್ಲಪ್ಪಾ, ಹೆರಿಗೆ ಕಷ್ಟವಾದದ್ದೇ ಎಷ್ಟೋ ಸಲ ಮೊದಲೇ ಆಗಿಹೋದ ತೊಂದರೆಯ ಲಕ್ಷಣ ಇರಬಹುದು ಎಂದ. ಆ ನರವೈದ್ಯ ಯಾರೆನ್ನುತ್ತೀರಿ? ಸಿಗ್ಮಂಡ್ ಫ್ರಾಯ್ಡ್! ಕನಸುಗಳ ಬೆನ್ನು ಹತ್ತುವ ಮೊದಲು ಆತ ಇಂಥ ಮಕ್ಕಳ ಕೈಕಾಲು ನೋಡುತ್ತಿದ್ದ.

ಇನ್ನು ಕೋತಿಗಳ ಕತೆಗೆ ಬರೋಣ.

1895ರಲ್ಲಿ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಶೆರಿಂಗ್ಟನ್ ಎಂದರೆ ಸಾಮಾನ್ಯನಲ್ಲ, ಮುಂದೆ 1932ರಲ್ಲಿ ನೊಬೆಲ್ ಪಡೆದವನು. ಕೋತಿಯ ಒಂದು ತೋಳಿನಿಂದ ಬೆನ್ನುಹುರಿಗೆ ಸುದ್ದಿ ಒಯ್ಯುವ ನರಗಳನ್ನು ಕತ್ತರಿಸಿದರು. ತೋಳಿಗೆ ಅಪ್ಪಣೆ ತರುವ ನರಗಳನ್ನು ಮುಟ್ಟಲಿಲ್ಲ. ಅಂದರೆ ಮಿದುಳು ‘ಎತ್ತು’ ಅಂದರೆ ತೋಳಿಗೆ ಕೇಳಿಸುತ್ತದೆ, ಆದರೆ ತೋಳು ಎದ್ದಿತೋ ಇಲ್ಲವೋ ಎಂಬ ವರದಿ ಮಿದುಳಿಗೆ ಬರುವುದಿಲ್ಲ. ಆಮೇಲೆ ಕೋತಿ ಆ ತೋಳನ್ನು ಉಪಯೋಗಿಸಲೇ ಇಲ್ಲ. ಅದು ಮಗ್ಗುಲಲ್ಲಿ ಜೋತುಬಿದ್ದಿತು. ಸ್ಪರ್ಶ ಇಲ್ಲದೆ ಚಲನೆ ಇಲ್ಲ ಎಂದು ಇಬ್ಬರೂ ತೀರ್ಪು ಬರೆದರು. ಎಷ್ಟೋ ವರ್ಷ ಹೆಚ್ಚಿನವರು ಆ ತೀರ್ಪನ್ನೇ ನಂಬಿದ್ದರು.

1950ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಎಡ್ವರ್ಡ್ ಟಾಬ್ ಎಂಬ ಹುಡುಗ ಇದ್ದ. ಓದಿದ್ದು ಮನಶ್ಶಾಸ್ತ್ರ, ನರಶಾಸ್ತ್ರದವರಿಗೆ ಹೊರಗಿನವನು. ಹೊರಗಿನವರಿಗೇ ಇಂಥ ಪ್ರಶ್ನೆ ಬರುವುದು: ಕೋತಿಗೆ ಆ ಕೈ ಎತ್ತಲು ಆಗುತ್ತಿಲ್ಲವೋ, ಇಲ್ಲ, ಎತ್ತುತ್ತಿಲ್ಲವೋ? ಟಾಬ್ ಮತ್ತು ಜೊತೆಗಾರರು ಮಾಡಿದ್ದು ಎರಡು ಸರಳ ಕೆಲಸ. ಒಂದು, ಕೋತಿಯ ಒಳ್ಳೆಯ ತೋಳನ್ನು ಕಟ್ಟಿಹಾಕಿದರು. ಅಬ್ಬಾ! ಹಸಿದ ಕೋತಿ ‘ಸತ್ತ’ ತೋಳನ್ನು ಚಾಚಿ ತಿಂಡಿ ತೆಗೆದುಕೊಂಡಿತು! ಒರಟಾಗಿ, ತಡವರಿಸಿಕೊಂಡು, ಆದರೆ ತೆಗೆದುಕೊಂಡಿತು. ಇನ್ನೊಂದು ಇದಕ್ಕಿಂತ ವಿಚಿತ್ರ: ಎರಡೂ ತೋಳುಗಳ ಸುದ್ದಿ ನರ ಕತ್ತರಿಸಿದ ಕೋತಿ ಎರಡೂ ತೋಳುಗಳನ್ನು ಬಳಸಿತು! ಈ ಸಾಲನ್ನು ಇನ್ನೊಮ್ಮೆ ಓದಿ. ಒಂದು ಕೈಯ ನರ ಹೋದರೆ ಆ ಕೈ ನಿರುಪಯೋಗಿ, ಎರಡೂ ಕೈಯ ನರ ಹೋದರೆ ಎರಡೂ ಉಪಯೋಗಿ! ಯಾವ ಲೆಕ್ಕ ಇದು?

ಟಾಬ್ ಲೆಕ್ಕ ಬಿಡಿಸಿದ. ನರ ಕತ್ತರಿಸಿದ ಹೊಸತರಲ್ಲಿ ಬೆನ್ನುಹುರಿಗೇ ಆಘಾತವಾಗಿರುತ್ತದೆ, ಆಗ ತೋಳು ನಿಜವಾಗಿಯೂ ಏಳುವುದಿಲ್ಲ. ಕೋತಿ ಪ್ರಯತ್ನಿಸುತ್ತದೆ, ಮುಗ್ಗರಿಸುತ್ತದೆ, ಕೈಗೆ ಬಂದ ತುತ್ತು ಜಾರುತ್ತದೆ. ಇನ್ನೊಂದು ಕಡೆಯ ಒಳ್ಳೆಯ ಕೈ ಚಾಚಿದರೆ ಸಲೀಸಾಗಿ ಹೊಟ್ಟೆ ತುಂಬುತ್ತದೆ. ಹತ್ತು ಸಲ ಸೋತ ಕೈಯನ್ನು ಹನ್ನೊಂದನೆಯ ಸಲ ಯಾರು ಕರೆಯುತ್ತಾರೆ? ತಿಂಗಳುಗಳು ಕಳೆದು ಆಘಾತ ಇಳಿದಾಗ ತೋಳಿಗೆ ಶಕ್ತಿ ಮರಳಿರುತ್ತದೆ. ಆದರೆ ಅಷ್ಟರಲ್ಲಿ ಕೋತಿ ಆ ಕೈಯನ್ನು ಕೇಳುವುದನ್ನೇ ಬಿಟ್ಟಿರುತ್ತದೆ. ಹೊರಗಿನ ಚಿಲಕ ಯಾರೋ ಯಾವಾಗಲೋ ತೆಗೆದಿದ್ದಾರೆ, ಒಳಗಿದ್ದವನಿಗೆ ಅದು ಗೊತ್ತಿಲ್ಲ, ಅವನು ಬಾಗಿಲು ತಳ್ಳಿಯೇ ನೋಡುವುದಿಲ್ಲ! ಎರಡೂ ಕೈ ಹೋದ ಕೋತಿಗಾದರೋ ಬೇರೆ ಗತಿಯಿಲ್ಲ, ತಳ್ಳಲೇಬೇಕು. ತಳ್ಳಿದರೆ ತೆರೆಯುತ್ತದೆ.

ಇದಕ್ಕೆ ಅವನಿಟ್ಟ ಹೆಸರು ‘ಲರ್ನ್ಡ್ ನಾನ್‌ಯೂಸ್’. ಕೈ ಬಳಸದಿರುವುದೂ ಒಂದು ಕಲಿಕೆ ಎಂದು ಅರ್ಥ. ಕಲಿತದ್ದಾದರೆ ಮರೆಸಬಹುದಲ್ಲ! ಒಳ್ಳೆಯ ತೋಳನ್ನು ಒಂದು ದಿನ ಕಟ್ಟಿ ಬಿಚ್ಚಿದರೆ ಕೋತಿ ಹಳೇ ಚಾಳಿಗೆ ಹೋಗುತ್ತಿತ್ತು. ಒಂದೆರಡು ವಾರ ಕಟ್ಟಿದರೆ, ಬಿಚ್ಚಿದ ಮೇಲೂ ಆ ತೋಳು ಕೆಲಸ ಮಾಡುತ್ತಲೇ ಇತ್ತು.

ಇಲ್ಲಿಗೆ ಕತೆ ಸುಖವಾಗಿ ಮುಂದುವರಿಯಬೇಕಿತ್ತು. ಹಾಗಾಗಲಿಲ್ಲ. 1981ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿದ್ದ ಟಾಬ್‌ನ ಪ್ರಯೋಗಾಲಯಕ್ಕೆ ಅಲೆಕ್ಸ್ ಪಚೆಕೊ ಎಂಬ ತರುಣ ಸ್ವಯಂಸೇವಕನಾಗಿ ಸೇರಿಕೊಂಡ. ಪ್ರಾಣಿದಯೆಯ ‘ಪೀಟಾ’ ಸಂಸ್ಥೆ ಕಟ್ಟಿದವರಲ್ಲಿ ಅವನೂ ಒಬ್ಬ. ಗಲೀಜು ಪಂಜರಗಳ, ಗಾಯಗೊಂಡ ಕೋತಿಗಳ ಫೋಟೊ ತೆಗೆದು ಪೊಲೀಸರಿಗೆ ಕೊಟ್ಟ. ದಾಳಿ ಆಯಿತು, 17 ಕೋತಿಗಳನ್ನು ವಶಪಡಿಸಿಕೊಂಡರು. ಟಾಬ್ ಮೇಲೆ 119 ಆರೋಪ. ಬಹುಪಾಲು ಮೊದಲೇ ಬಿದ್ದುಹೋದವು, ಉಳಿದ ಶಿಕ್ಷೆಯೂ ಮೇಲಿನ ಕೋರ್ಟಿನಲ್ಲಿ 1983ರಲ್ಲಿ ರದ್ದಾಯಿತು. ಆದರೆ ಹಣ ಹೋಯಿತು, ಕೆಲಸ ಹೋಯಿತು, ಹೆಸರು ಹೋಯಿತು. ಆ ಫೋಟೊಗಳನ್ನು ನಾನೂ ನೋಡಿದೆ. ಪುಟ್ಟಿಯ ಮಂಡಕ್ಕಿಗೆ ಆ ಕೋತಿಗಳ ಋಣವಿದೆ ಎಂದು ಗೊತ್ತಿದ್ದೂ ಎರಡನೆಯ ಸಲ ನೋಡಲು ಆಗಲಿಲ್ಲ. ಇದನ್ನು ಮುಚ್ಚಿಟ್ಟು ಬರೀ ಪವಾಡ ಹೇಳಿದರೆ ತಪ್ಪಾಗುತ್ತದೆ.

ಆ ಕೋತಿಗಳು ಯಾರ ಸುಪರ್ದಿಗೆ ಎಂಬ ವ್ಯಾಜ್ಯ ಹತ್ತು ವರ್ಷ ಎಳೆದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಷ್ಟು ಹೊತ್ತಿಗೆ ನರ ಕತ್ತರಿಸಿ ಹನ್ನೆರಡು ವರ್ಷವಾಗಿತ್ತು. ಸಾಯುವ ಸ್ಥಿತಿಗೆ ಬಂದಿದ್ದ ಕೆಲವಕ್ಕೆ ಅರಿವಳಿಕೆ ಕೊಟ್ಟು, ಕೊನೆಯ ಬಾರಿ ಅವುಗಳ ಮಿದುಳನ್ನು ಪರೀಕ್ಷಿಸಿದರು. ಟಿಮ್ ಪಾನ್ಸ್ ಮತ್ತು ಸಂಗಡಿಗರು ಅದನ್ನು 1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಾಗ ನರವಿಜ್ಞಾನದವರು ಕುರ್ಚಿಯಿಂದ ಎದ್ದು ನಿಂತರು!

ಏನಾಗಿತ್ತು ಅಂದರೆ, ನಮ್ಮ ಮಿದುಳಿನ ಮೇಲ್ಪದರದಲ್ಲಿ ಮೈಯ ಒಂದೊಂದು ಅಂಗಕ್ಕೂ ಒಂದೊಂದು ಜಾಗ ಇದೆ, ಹೊಲಗಳ ಪಹಣಿ ಇದ್ದ ಹಾಗೆ. ಕೈಯ ಜಮೀನಿನ ಪಕ್ಕದಲ್ಲೇ ಮುಖದ ಜಮೀನು. ಹನ್ನೆರಡು ವರ್ಷ ಸುದ್ದಿಯೇ ಬಾರದ ಆ ಕೋತಿಗಳ ಕೈಯ ಜಾಗ ಪಾಳು ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ! ಮುಖ ಮುಟ್ಟಿದರೆ ಕೈಯ ಜಾಗದ ಜೀವಕೋಶಗಳು ಮಿಡಿಯುತ್ತಿದ್ದವು. ಪಕ್ಕದ ಹೊಲದವನು ಬೇಲಿ ಸರಿಸಿಕೊಂಡು ಬಂದಿದ್ದ. ಮಿದುಳಿನಲ್ಲೂ ಒತ್ತುವರಿ! ಅದೂ ಕೂದಲೆಳೆಯಷ್ಟಲ್ಲ, 10ರಿಂದ 14 ಮಿಲಿಮೀಟರು. ಅಷ್ಟು ಚಿಕ್ಕ ಮಿದುಳಿನಲ್ಲಿ ಅದು ಒಂದು ತಾಲ್ಲೂಕನ್ನೇ ನುಂಗಿದಂತೆ. ಬೆಳೆದ ಪ್ರಾಣಿಯ ಮಿದುಳು ಕಲ್ಲಿನ ಕೆತ್ತನೆ, ಬದಲಾಗದು ಎಂದು ಪಾಠ ಹೇಳುತ್ತಿದ್ದವರು ಪಾಠ ತಿದ್ದಬೇಕಾಯಿತು.

(ಇದನ್ನು ಓದಿದ ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್ ಅಮೆರಿಕದಲ್ಲಿ ಮಾಡಿದ್ದು ಇನ್ನೂ ರೋಮಾಂಚಕ. ತೋಳು ಕಳೆದುಕೊಂಡವನೊಬ್ಬನ ಕಣ್ಣು ಕಟ್ಟಿ ಕೆನ್ನೆಯನ್ನು ಹತ್ತಿಯ ಕಡ್ಡಿಯಿಂದ ಮುಟ್ಟಿದರೆ, ಅವನು ‘ನನ್ನ ಇಲ್ಲದ ಕೈಯ ಹೆಬ್ಬೆರಳು ಮುಟ್ಟಿದಿರಿ’ ಎಂದ! ಅದರ ಕತೆ ಇನ್ನೊಂದು ದಿನ.)

ಒತ್ತುವರಿ ಒಂದು ಕಡೆಯಿಂದ ಸಾಧ್ಯವಾದರೆ, ಬೇಲಿಯನ್ನು ವಾಪಸ್ ತಳ್ಳಲೂ ಸಾಧ್ಯ ಇರಬೇಕಲ್ಲ? 1986ರಲ್ಲಿ ಬರ್ಮಿಂಗ್‌ಹ್ಯಾಂನ ಅಲಬಾಮಾ ವಿಶ್ವವಿದ್ಯಾಲಯ ಟಾಬ್‌ಗೆ ಜಾಗ ಕೊಟ್ಟಿತ್ತು. ಅವನು ಮೊದಲು ಲಕ್ವ ಹೊಡೆದ ದೊಡ್ಡವರ ಒಳ್ಳೆಯ ಕೈಗೆ ಚೀಲ ತೊಡಿಸಿದ. ಎಷ್ಟೋ ವರ್ಷ ಜೋತುಬಿದ್ದಿದ್ದ ಕೈಗಳು ಎದ್ದವು. ಆಮೇಲೆ ಮಕ್ಕಳು. ಶಾರನ್ ರಾಮಿ, ಸ್ಟೆಫನಿ ಡಿಲೂಕಾ, ಕರೆನ್ ಎಕಲ್ಸ್ ಜೊತೆ ಸೇರಿ 2004ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದ್ದದ್ದು 18 ಮಕ್ಕಳು ಮಾತ್ರ, ಏಳು ತಿಂಗಳಿಂದ ಎಂಟು ವರ್ಷದವರೆಗಿನವರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನ ಮಕ್ಕಳ ಒಳ್ಳೆಯ ಕೈಗೆ ಹಗುರ ಕಟ್ಟು ಹಾಕಿ, ದಿನಕ್ಕೆ 6 ಗಂಟೆ, ಎಡೆಬಿಡದೆ 21 ದಿನ ಆಟ. ಕೊನೆಗೆ ಎಣಿಸಿದಾಗ ಆಟದ ಗುಂಪಿನ ಮಗು ಸರಾಸರಿ 9ಕ್ಕೂ ಹೆಚ್ಚು ಬಗೆಯ ಹೊಸ ಕೈಚಳಕ ಕಲಿತಿತ್ತು, ಎಂದಿನ ಚಿಕಿತ್ಸೆಯ ಮಗು 2ರ ಆಸುಪಾಸು. ಮೂರೇ ವಾರದಲ್ಲಿ!

ಕಟ್ಟುವುದಷ್ಟೇ ಗುಟ್ಟಾಗಿದ್ದರೆ ಯಾರು ಬೇಕಾದರೂ ಕಟ್ಟಬಹುದಿತ್ತು. ಈ ಚಿಕಿತ್ಸೆಗೆ ಸಿ.ಐ.ಎಂ.ಟಿ. ಎನ್ನುತ್ತಾರೆ. ಉದ್ದ ಹೆಸರಿನಲ್ಲಿ ‘ನಿರ್ಬಂಧ’ ಎಂಬರ್ಥದ ಪದ ಮೊದಲು ಬಂದು ಎಲ್ಲರ ಕಣ್ಣೂ ಚೀಲದ ಮೇಲೇ ನೆಟ್ಟಿತು. ಜೀವ ಇರುವುದು ಚೀಲದಲ್ಲಲ್ಲ, ಮಂಡಕ್ಕಿಯಲ್ಲಿ. ಪುಟ್ಟಿಗೆ ಮಂಡಕ್ಕಿ ಬಂದದ್ದು ಹದಿನಾಲ್ಕನೆಯ ದಿನ. ಮೊದಲ ದಿನ ಕೊಟ್ಟದ್ದು ಬಲೂನು, ಬರೀ ತಳ್ಳಿದರೆ ಸಾಕು. ಆಮೇಲೆ ಕಿತ್ತಲೆಹಣ್ಣು, ಆಮೇಲೆ ಇಡೀ ನಿಂಬೆಹಣ್ಣು, ಆಮೇಲೆ ಸುಲಿಯದ ಕಡಲೆಕಾಯಿ. ಮಗು ಈಗ ಮಾಡಬಲ್ಲದ್ದಕ್ಕಿಂತ ಕೂದಲೆಳೆಯಷ್ಟೇ ಕಷ್ಟದ್ದನ್ನು ಮುಂದಿಡಬೇಕು. ಸುಲಭವಾದರೆ ಮಿದುಳು ಕಲಿಯದು, ಕಷ್ಟವಾದರೆ ಮಗು ಅಳುತ್ತದೆ. ಆ ಎಳೆಯನ್ನು ಹಿಡಿಯುವುದೇ ಥೆರಪಿ ಮೇಡಂ ವಿದ್ಯೆ. ನಾನು ಜಾಣತನ ತೋರಿಸಲು ಸಾಸಿವೆ ತಂದಿಟ್ಟೆ. ಪುಟ್ಟಿ ತಟ್ಟೆಯನ್ನೇ ಒದ್ದಳು. ‘ತಾತಂಗೆ ಚೀಲ ಹಾಕು’ ಎಂದಳು. ಹಾಕಿಸಿಕೊಂಡೆ. ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಲು ಹೋಗಿ ಬೆವರಿದೆ.

ಪುಟ್ಟಿಗೂ ಟಾಬ್‌ನ ಕೋತಿಗಳಿಗೂ ಒಂದು ವ್ಯತ್ಯಾಸವಿದೆ, ಅದು ನನ್ನನ್ನು ಇನ್ನೂ ಬೆರಗುಗೊಳಿಸಿತು. ಕೋತಿ ಕೈ ಬಳಸುವುದನ್ನು ಮರೆತಿತ್ತು. ಪುಟ್ಟಿ ಮರೆಯಲು ಏನನ್ನೂ ಕಲಿತೇ ಇರಲಿಲ್ಲ! ಹುಟ್ಟಿದ ಮಗುವಿನ ಮಿದುಳಿನ ಎರಡೂ ಭಾಗಗಳು ಎರಡೂ ಕೈಗಳಿಗೆ ತಂತಿ ಎಳೆದಿರುತ್ತವೆ. ಅಂದರೆ ಎಡಮಿದುಳಿನ ತಂತಿ ಬಲಗೈಗೂ ಹೋಗುತ್ತದೆ, ಎಡಗೈಗೂ ಹೋಗುತ್ತದೆ. ಮುಂದಿನ ತಿಂಗಳುಗಳಲ್ಲಿ ಪೈಪೋಟಿ ಶುರು. ಯಾವ ತಂತಿಯಲ್ಲಿ ಹೆಚ್ಚು ಮಾತುಕತೆ ನಡೆಯುತ್ತದೋ ಅದು ಉಳಿಯುತ್ತದೆ, ಸುಮ್ಮನಿದ್ದದ್ದು ಹಿಂದೆ ಸರಿಯುತ್ತದೆ. ಸಾಮಾನ್ಯವಾಗಿ ಎಡಮಿದುಳು ಬಲಗೈಯನ್ನೂ ಬಲಮಿದುಳು ಎಡಗೈಯನ್ನೂ ಗೆದ್ದುಕೊಳ್ಳುತ್ತವೆ. ಎಡಮಿದುಳಿಗೆ ಪೆಟ್ಟಾದ ಮಗುವಿನಲ್ಲಿ ಆ ಕಡೆಯ ಮಾತು ಕ್ಷೀಣ. ಬಲಮಿದುಳು ಎರಡೂ ಕೈಗಳನ್ನು ತನ್ನದಾಗಿಸಿಕೊಂಡು ಕೂತುಬಿಡಬಹುದು. ಪುಟ್ಟಿ ಎಡಗೈ ಮುಷ್ಟಿ ಬಿಚ್ಚಿದರೆ ಬಲಗೈ ಬೆರಳುಗಳು ತಾವಾಗಿ, ಚೂರೇ ಚೂರು, ಬಿಚ್ಚುತ್ತವೆ. ಕನ್ನಡಿಯೊಳಗಿನ ಕೈಯ ಹಾಗೆ! ನಾಲ್ಕು ವರ್ಷ ಅದನ್ನು ನೋಡಿಯೂ ನೋಡಿರಲಿಲ್ಲ. ಒಂದೇ ಯಜಮಾನನ ಎರಡು ಕೈ ಅವು.

ನ್ಯೂಯಾರ್ಕಿನಲ್ಲಿ ಜಾನ್ ಮಾರ್ಟಿನ್, ಕ್ಯಾಥ್ಲೀನ್ ಫ್ರೀಲ್ ಅವರ ತಂಡ ಇದೇ ಪೈಪೋಟಿಯನ್ನು ಬೆಕ್ಕಿನ ಮರಿಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡಿತು. ಮರಿಯ ಮಿದುಳಿನ ಒಂದು ಬದಿಯನ್ನು ಎಳವೆಯಲ್ಲೇ ಕೆಲವು ವಾರ ಮೌನವಾಗಿಸಿದರೆ ಎದುರಿನ ಮುಂಗಾಲು ಜಾಣತನ ಕಳೆದುಕೊಳ್ಳುತ್ತದೆ. ಒಳ್ಳೆಯ ಮುಂಗಾಲನ್ನು ಬರಿದೇ ಕಟ್ಟಿದರೆ ಆ ಜಾಣತನ ಮರಳಲಿಲ್ಲ. ಬೆಳೆದ ಮೇಲೆ ತರಬೇತಿ ಕೊಟ್ಟರೂ ಮರಳಲಿಲ್ಲ. ಎಳವೆಯಲ್ಲೇ ಕಟ್ಟಿ, ಜೊತೆಗೆ ದಿನವೂ ಕಾಲು ಚಾಚಿ ಎಟುಕಿಸಿಕೊಳ್ಳುವ ಆಟವನ್ನೂ ಆಡಿಸಿದಾಗ ಮರಳಿತು! ಮಂಡಕ್ಕಿ ಬೇಕು ಅಂದೆನಲ್ಲ, ಇದೇ ಕಾರಣ. ಸ್ವೀಡನ್ನಿನ ಆನ್-ಕ್ರಿಸ್ಟಿನ್ ಎಲಿಯಾಸನ್ ಅವರು ಇದನ್ನು ತೊಟ್ಟಿಲಿನವರೆಗೆ ಒಯ್ದಿದ್ದಾರೆ. ಕೆಲವೇ ತಿಂಗಳ ಕೂಸಿಗೆ ಒಳ್ಳೆಯ ಕೈಗೆ ಕಾಲುಚೀಲದಂಥದ್ದು ತೊಡಿಸಿ, ದಿನಕ್ಕೆ ಅರ್ಧ ಗಂಟೆ, ಅಪ್ಪ ಅಮ್ಮ ಮನೆಯಲ್ಲೇ ಆಡಿಸುವುದು. ಅರ್ಧ ಗಂಟೆ ಮಾತ್ರ. ಏಕೆಂದರೆ ಒಳ್ಳೆಯ ಕೈಯೂ ಆಗ ಬೆಳೆಯುತ್ತಿರುತ್ತದೆ, ಅದರ ಬಾಯಿಗೆ ಮಣ್ಣು ಹಾಕಬಾರದಲ್ಲ.

ಇಷ್ಟು ಓದುವ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ತಕರಾರು ಎದ್ದಿತ್ತು. ಬದುಕಿನಲ್ಲಿ ಒಂದೇ ಕೈಯಲ್ಲಿ ಆಗುವ ಕೆಲಸ ಎಷ್ಟು? ಹೂ ಕಟ್ಟಲು ಎರಡು ಕೈ ಬೇಕು, ಅವರೆಕಾಳು ಹಿಸುಕಲು ಎರಡು ಕೈ ಬೇಕು, ಲಂಗದ ಲಾಡಿ ಬಿಗಿಯಲು, ಚಪಾತಿ ಲಟ್ಟಿಸಲು, ಭಜನೆಯಲ್ಲಿ ತಾಳ ಹಾಕಲು. ಒಂದನ್ನು ಕಟ್ಟಿ ಇನ್ನೊಂದಕ್ಕೆ ಕಲಿಸಿದರೆ ಜೋಡಿ ಕೆಲಸ ಕಲಿಯುವುದು ಯಾವಾಗ? ನನಗಿಂತ ಮೊದಲೇ ಈ ತಕರಾರು ಎತ್ತಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರೂ ಗಾರ್ಡನ್. ಅವರೂ ಜೀನ್ ಚಾರ್ಲ್ಸ್ ಅವರೂ ಕಟ್ಟುವುದನ್ನೇ ಕೈಬಿಟ್ಟು, ಎರಡೂ ಕೈ ಬೇಕೇ ಬೇಕು ಎನ್ನುವಂಥ ಆಟಗಳನ್ನು ಪೋಣಿಸಿದರು. ಅದಕ್ಕೆ ‘ಹ್ಯಾಬಿಟ್’ ಎಂದು ಹೆಸರು. 2011ರಲ್ಲಿ 42 ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಕಟ್ಟುವ ದಾರಿ, ಇನ್ನೊಂದಕ್ಕೆ ಜೋಡಿ ಕೈ ದಾರಿ, ಇಬ್ಬರಿಗೂ 90 ಗಂಟೆ. ಇಬ್ಬರೂ ಸರಿಸಮ ಸುಧಾರಿಸಿದರು! ಮನೆಯವರೇ ಆರಿಸಿಕೊಂಡ ಗುರಿಗಳನ್ನು ಮುಟ್ಟುವುದರಲ್ಲಿ ಜೋಡಿ ಕೈಯವರು ಒಂದು ಹೆಜ್ಜೆ ಮುಂದೆ.

ಹಾಗಿದ್ದರೆ ಮದ್ದು ಇರುವುದು ಚೀಲದಲ್ಲೂ ಅಲ್ಲ! ಗಂಟೆಗಳಲ್ಲಿ! ಮಗು ತಾನೇ, ತನಗೆ ಬೇಕಾದದ್ದಕ್ಕಾಗಿ, ಸಾವಿರ ಸಲ ಕೈ ಚಾಚುವ ಆ ಗಂಟೆಗಳಲ್ಲಿ.

ಲಂಡನ್ನಿನವರಂತೂ ಈ ಮಾತನ್ನು ಆಕಾಶಕ್ಕೇ ಹಾರಿಸಿದರು. ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟರೂ ಜಾದೂಗಾರರೂ ಸೇರಿ ‘ಬ್ರೀದ್ ಮ್ಯಾಜಿಕ್’ ಎಂಬ ಬೇಸಿಗೆ ಶಿಬಿರ ಶುರು ಮಾಡಿದರು. ಹತ್ತು ದಿನ, 60 ಗಂಟೆ. ಮಕ್ಕಳು ಕಲಿಯುವುದು ಜಾದೂ. ಹಗ್ಗದ ಗಂಟು ಮಾಯ ಮಾಡುವುದು, ಇಸ್ಪೀಟು ಎಲೆ ಬೀಸಣಿಗೆಯಂತೆ ಹರಡುವುದು, ಅಂಗೈಯಲ್ಲಿ ಚೆಂಡು ಅಡಗಿಸುವುದು. ಒಂದೊಂದಕ್ಕೂ ಎರಡು ಕೈ, ತಿರುಗುವ ಮಣಿಕಟ್ಟು, ಬಿಚ್ಚುವ ಬೆರಳು ಬೇಕು. ಕೊನೆಯ ದಿನ ವೇದಿಕೆ ಮೇಲೆ ಪ್ರದರ್ಶನ! ಶಾಲೆಯಲ್ಲಿ ಬಲಗೈಯನ್ನು ಜೇಬಿನಲ್ಲಿ ಅಡಗಿಸುತ್ತಿದ್ದ ಹುಡುಗನಿಗೆ, ಗೆಳೆಯರಿಗೆ ಯಾರಿಗೂ ಬಾರದ ಒಂದು ವಿದ್ಯೆ ಆ ಕೈಯಲ್ಲೇ ಬಂದಿರುತ್ತದೆ. ‘ಇನ್ನೊಂದು ಸಲ ಮಾಡು’ ಎಂದು ಹತ್ತು ಜನ ಕೇಳಿದರೆ ಹತ್ತು ಸಲ ಅಭ್ಯಾಸ, ಪುಕ್ಕಟೆ! ಇದನ್ನು ಯೋಚಿಸಿದ ತಲೆಗೆ ಕೈಮುಗಿಯಬೇಕು.

ಈಗ ನಮ್ಮ ಕಡೆಯ ಗಣಿತ. ಪುಟ್ಟಿಗೆ ಎರಡು ವರ್ಷ ಮಾಡಿಸಿದ ಚಿಕಿತ್ಸೆ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ. 90 ಗಂಟೆ ಆಗಬೇಕಾದರೆ 90 ವಾರ! ಆ ಅರ್ಧ ಗಂಟೆಯಲ್ಲೂ ಅವಳ ಕೈಯನ್ನು ಬೇರೆಯವರು ಎಳೆಯುತ್ತಿದ್ದರು, ಮಡಚುತ್ತಿದ್ದರು, ಅವಳು ಛಾವಣಿ ನೋಡುತ್ತ ಮಲಗಿರುತ್ತಿದ್ದಳು. ಬೇರೆಯವರು ಆಡಿಸಿದ ಕೈಯಿಂದ ಮಿದುಳು ಕಲಿಯುವುದಿಲ್ಲ. ಜಗತ್ತಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಟ್ರಾಫಿಕ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಹಚ್ಚಿ ಪಟ್ಟಿ ಕೊಟ್ಟಿದ್ದಾರೆ. ಕೈ ಕಟ್ಟುವ ದಾರಿ, ಜೋಡಿ ಕೈ ದಾರಿ, ಗುರಿಯಿಟ್ಟ ಅಭ್ಯಾಸ, ಮನೆಯ ಅಭ್ಯಾಸ ಎಲ್ಲ ಹಸಿರು. ನಮ್ಮಮ್ಮ ಇದ್ದಿದ್ದರೆ ಕೊಬ್ಬರಿ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ತಿಕ್ಕಲಿ, ಮಗುವಿಗೆ ಹಿತ, ನಿದ್ದೆ ಬರುತ್ತದೆ. ಆದರೆ ಎಣ್ಣೆ ತಿಕ್ಕಿದ ಮೇಲೆ ಅದೇ ಕೈಗೆ ಎಣ್ಣೆ ಬಟ್ಟಲಿನ ಮುಚ್ಚಳ ಹಾಕಲು ಹೇಳಬೇಕು, ಅಲ್ಲಿ ಶುರುವಾಗುತ್ತದೆ ಚಿಕಿತ್ಸೆ.

ಹುಷಾರಾಗಿ ಹೇಳಬೇಕಾದ್ದೂ ಇದೆ. ಇದು ಗುಣ ಮಾಡುವ ಮದ್ದಲ್ಲ. ಮಿದುಳಿನ ಕಪ್ಪು ಗುರುತು ಎಲ್ಲಿದೆಯೋ ಅಲ್ಲೇ ಇರುತ್ತದೆ. ಪುಟ್ಟಿಯ ಬಲಗೈ ವೀಣೆ ನುಡಿಸದಿರಬಹುದು, ಆದರೆ ಎಡಗೈಗೆ ಜೊತೆಗಾರ ಆಗುತ್ತದೆ. ಎರಡೂ ಕೈಗೆ ಬಿಗಿತ ಇರುವ ಮಕ್ಕಳ ದಾರಿ ಬೇರೆಯೇ. ಓದಿದ ಹುರುಪಿನಲ್ಲಿ ನೀವೇ ಮನೆಯಲ್ಲಿ ಮಗುವಿನ ಕೈ ಬಿಗಿಯಲು ಹೋಗಬೇಡಿ, ಬಲ್ಲವರು ಪಕ್ಕದಲ್ಲಿರಬೇಕು. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಕಡೆ ಇಂಥ ಮಕ್ಕಳೊಂದಿಗೇ ದಿನ ಕಳೆಯುವವರು ಇದ್ದಾರೆ, ಹೋಗಿ ಕೇಳಬಹುದು.

ಸ್ಟಾಕ್‌ಹೋಮಿನಲ್ಲಿ ಮಕ್ಕಳ ಕೈಯನ್ನು ಅಳೆಯಲು ಒಂದು ಆಟಿಕೆ ಪೆಟ್ಟಿಗೆ ಮಾಡಿದ್ದಾರೆ. ಬಿಗಿದು ಹಿಡಿಯದಿದ್ದರೆ ಮುಚ್ಚಳ ತೆಗೆಯಲಾಗದ ಡಬ್ಬಿ, ಮಣಿ, ದಾರ ಇಂಥವು. ಮಗುವನ್ನು ಆಡಲು ಬಿಟ್ಟು ವಿಡಿಯೊ ಮಾಡುತ್ತಾರೆ. ‘ಬಲಗೈ ಎತ್ತು’ ಎಂದು ಯಾರೂ ಹೇಳುವುದಿಲ್ಲ. ಹೇಳದೆ ಕೈ ತಾನಾಗಿ ಸಹಾಯಕ್ಕೆ ಬಂದಿತೇ, ಅದಷ್ಟೇ ಲೆಕ್ಕ. ಅದನ್ನು ಓದುತ್ತಿದ್ದ ಹಾಗೇ ನನಗೆ ಅಕ್ಕನ ಅಟ್ಟದ ಮೇಲಿನ ಅಳಗುಳಿಮಣೆ ನೆನಪಾಯಿತು. ಆಕಡೆ ಏಳು, ಈಕಡೆ ಏಳು ಕುಳಿ. ಒಂದು ಕೈಯಲ್ಲಿ ಕಾಳು ಬಾಚಬೇಕು, ಅಂಗೈಯಲ್ಲಿ ಹಿಡಿದುಕೊಂಡೇ ಒಂದೊಂದಾಗಿ ಬೆರಳ ತುದಿಗೆ ತಂದು ಕುಳಿಗೆ ಬಿಡಬೇಕು. ಇಪ್ಪತ್ತು ಹುಣಸೆಬೀಜ ಬೇಡ, ನಾಲ್ಕು ಸಾಕು. ಧೂಳು ಒರೆಸಿ ತಂದೆ. ಥೆರಪಿ ಮೇಡಂ ನೋಡಿ ‘ಅಯ್ಯೋ ಸಾರ್, ಇದು ಎಲ್ಲಿತ್ತು ಇಷ್ಟು ದಿನ!’ ಎಂದರು.

ಹೋದ ಭಾನುವಾರ ಆಡಿದೆವು. ಚೀಲ ಇರಲಿಲ್ಲ, ಅದರ ಮೂರು ವಾರ ಮುಗಿದಿತ್ತು. ಬೆಕ್ಕಿನ ಚೀಲಕ್ಕೆ ಈಗ ಹತ್ತಿ ತುಂಬಿ ಗೊಂಬೆ ಮಾಡಿಕೊಂಡಿದ್ದಾಳೆ. ಪುಟ್ಟಿ ಎಡಗೈಯಿಂದಲೇ ಬಾಚಿದಳು, ಎಡಗೈಯಿಂದಲೇ ಬಿಟ್ಟಳು. ನಾನೇನೂ ಹೇಳಲಿಲ್ಲ. ಅವಳಮ್ಮ ‘ಮಾಮ, ಬಲಗೈಯಲ್ಲಿ ಆಡು ಅನ್ನಿ’ ಎಂದು ಕಣ್ಸನ್ನೆ ಮಾಡಿದಳು. ಆಗಲೂ ಹೇಳಲಿಲ್ಲ. ಮೂರನೆಯ ಸುತ್ತಿನಲ್ಲಿ ಮಣೆ ನೆಲದ ಮೇಲೆ ಜಾರತೊಡಗಿತು. ಪುಟ್ಟಿಯ ಕಣ್ಣು ಕಾಳಿನ ಮೇಲಿತ್ತು. ಬಲಗೈ ಎದ್ದು ಬಂದು ಮಣೆಯ ಅಂಚನ್ನು ಒತ್ತಿ ಹಿಡಿಯಿತು. ಹೆಬ್ಬೆರಳು ಹೊರಗಿತ್ತು. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು, ಕೈಯಲ್ಲಿ ಸೌಟು.

‘ತಾತ, ನಿನ್ನ ಕುಳಿ ಬರಿದು’ ಎಂದಳು ಪುಟ್ಟಿ. ನೋಡಿದೆ. ನಿಜ, ಬರಿದಾಗಿತ್ತು.